ಮೋವಾಬಿನ ಹಾಳು ದೇವಾಲಯಗಳು: ಒಂದು ಮರುಓದು

ಪರಿಶುದ್ಧ ನಾಡಿನ ಯಾತ್ರೆಗೆಂದು ನಮ್ಮ ಸಭೆಗಳಿಂದ ಹೊರಡುವ ತಂಡಗಳಲ್ಲಿ ಅನೇಕವು ಮೊದಲು ಇಳಿಯುವುದು ಜೋರ್ಡಾನ್ ದೇಶದ ರಾಜಧಾನಿಯಾದ ಅಮ್ಮಾನಿನಲ್ಲಿ. ನೆಬೊ ಬೆಟ್ಟಕ್ಕೆ ಅರ್ಧ ದಿನ, ಮದಾಬದ ಭೂಪಟಕ್ಕೆ ಒಂದು ಗಂಟೆ, ಸಮಯ ಒದಗಿದರೆ ಪೆಟ್ರಾ ನಗರಕ್ಕೆ ಒಂದು ದಿನ. ಅನಂತರ ಗಡಿ ದಾಟಿ ಯೆರೂಸಲೇಮಿನತ್ತ ಪ್ರಯಾಣ. ಯೊರ್ದನಿನ ಪೂರ್ವ ದಡವು ಯಾತ್ರಿಕರಿಗೆ ಹೊಸ್ತಿಲು ಮಾತ್ರ; ಮನೆ ಇರುವುದು ಆಚೆ ಕಡೆ ಎಂಬುದು ಎಲ್ಲರ ಭಾವನೆ. ಕೆಲವು ವರ್ಷಗಳ ಹಿಂದೆ ನಾವೂ ಅದೇ ಭಾವನೆಯಿಂದ ಹೋದೆವು. ಒಂದು ಮಧ್ಯಾಹ್ನ ಉಮ್ ಅರ್-ರಸಾಸ್ ಎಂಬ ನಿರ್ಜನ ಸ್ಥಳದಲ್ಲಿ, ಹಾಳುಬಿದ್ದ ಒಂದು ದೇವಾಲಯದ ನೆಲವನ್ನು ನೋಡುತ್ತ ನಿಂತಿದ್ದಾಗ, ನಮ್ಮಲ್ಲೊಬ್ಬರು ಕಿರು ಧ್ಯಾನವನ್ನು ನಡೆಸಿಕೊಟ್ಟರು. ಪ್ರಕಟನೆ ಗ್ರಂಥದ ಎರಡನೆಯ ಅಧ್ಯಾಯದಲ್ಲಿ ಎಫೆಸದ ಸಭೆಗೆ ಕೊಡಲಾದ ಎಚ್ಚರಿಕೆಯೇ ಆಧಾರವಾಕ್ಯ. ಈ ನಾಡಿನ ಸಭೆ ತನ್ನ ಮೊದಲಿನ ಪ್ರೀತಿಯನ್ನು ಬಿಟ್ಟುಬಿಟ್ಟಿತು. ಆದಕಾರಣ ಅದರ ದೀಪಸ್ತಂಭವನ್ನು ತೆಗೆದುಹಾಕಲಾಯಿತು. ಅರಬ್ಬರ ದಂಡು ಬಂದದ್ದೇ ಅದರ ಕೊನೆ ಎಂಬುದು ಉಪದೇಶದ ಸಾರ. ಎಲ್ಲರೂ ಆಮೆನ್ ಎಂದೆವು. ನಮ್ಮ ಕಾಲ ಬಳಿಯೇ ಇದ್ದ ಶಾಸನದ ವರ್ಷವನ್ನು ನಮ್ಮಲ್ಲಿ ಯಾರೂ ಓದಿರಲಿಲ್ಲ.

ಆ ವರ್ಷವನ್ನು ಓದಿದ್ದರೆ ಆ ಪ್ರಸಂಗವನ್ನು ಮಾಡಲು ಸಾಧ್ಯವಾಗುತ್ತಿರಲಿಲ್ಲ. ಮೋವಾಬಿನ ಎತ್ತರದ ಬಯಲಿನಲ್ಲಿರುವ ಈ ಹಾಳುಗಳು ಏನನ್ನು ಹೇಳುತ್ತವೆ, ನಾವು ಅವುಗಳ ಬಾಯಲ್ಲಿ ಏನನ್ನು ಹೇಳಿಸುತ್ತಿದ್ದೇವೆ ಎಂಬುದನ್ನು ವಿಚಾರಿಸುವುದು ಈ ಲೇಖನದ ಉದ್ದೇಶ.

ಮದಾಬ: ಹಳೆಯ ನೆಲದ ಮೇಲೆ ಹೊಸ ಸಭೆ

ಅಮ್ಮಾನಿನ ನೈರುತ್ಯಕ್ಕೆ ಸುಮಾರು 30 ಕಿಲೋಮೀಟರ್ ದೂರದಲ್ಲಿರುವ ಮದಾಬವು ನಮ್ಮ ಸತ್ಯವೇದದ ಮೇದೆಬ. ಅರಣ್ಯಕಾಂಡದಲ್ಲಿಯೂ ಯೆಶಾಯನ ಪ್ರವಾದನೆಯಲ್ಲಿಯೂ ಅದರ ಹೆಸರಿದೆ. ಕ್ರಿ.ಶ. 106ರಲ್ಲಿ ರೋಮನ್ನರು ಈ ಪ್ರದೇಶವನ್ನು ‘ಅರೇಬಿಯ’ ಎಂಬ ಪ್ರಾಂತವನ್ನಾಗಿ ಮಾಡಿಕೊಂಡರು. ಐದನೆಯ ಶತಮಾನದ ಹೊತ್ತಿಗೆ ಮದಾಬವು ಬಿಷಪರ ಪೀಠವಾಗಿತ್ತು. 451ರ ಖಾಲ್ಕೆದೋನ್ ಮಹಾಸಭೆಯ ದಾಖಲೆಗಳಲ್ಲಿ ಆ ಪೀಠದ ಉಲ್ಲೇಖವಿದೆ.

ಇಲ್ಲಿನ ಸಂತ ಜಾರ್ಜರ ಆರ್ಥಡಾಕ್ಸ್ ದೇವಾಲಯದ ನೆಲದಲ್ಲಿರುವ ಭೂಪಟವು ಪರಿಶುದ್ಧ ನಾಡಿನ ಇಂದು ಉಳಿದಿರುವ ನಕ್ಷೆಗಳಲ್ಲೆಲ್ಲ ಅತ್ಯಂತ ಹಳೆಯದು. ಬಣ್ಣದ ಚಿಕ್ಕ ಕಲ್ಲುಗಳನ್ನು ಒತ್ತಾಗಿ ಕೂರಿಸಿ ರಚಿಸಿದ ಈ ಮೊಸಾಯಿಕ್ ಆರನೆಯ ಶತಮಾನದ ಮಧ್ಯಭಾಗದ್ದು. 542ರಲ್ಲಿ ಪ್ರತಿಷ್ಠೆಗೊಂಡ ಯೆರೂಸಲೇಮಿನ ‘ಹೊಸ ದೇವಾಲಯ’ವು ಅದರಲ್ಲಿ ಚಿತ್ರಿತವಾಗಿರುವುದರಿಂದ ಅದು ಆ ವರ್ಷಕ್ಕಿಂತ ಹಿಂದಿನದಲ್ಲವೆಂದು ತಿಳಿಯುತ್ತದೆ. ಪಟದಲ್ಲಿ ಮೇಲ್ಭಾಗವೇ ಪೂರ್ವ ದಿಕ್ಕು. ಗ್ರೀಕ್ ಅಕ್ಷರಗಳಲ್ಲಿ ಸುಮಾರು 150 ಸ್ಥಳನಾಮಗಳಿವೆ. ಯೊರ್ದನ್ ಹೊಳೆಯ ಮೀನೊಂದು ಲವಣಸಮುದ್ರದ ಕಡೆಯಿಂದ ಹಿಂದಿರುಗಿ ಈಜುತ್ತಿದೆ. ಉಪ್ಪುನೀರಿನಲ್ಲಿ ಬದುಕಿಲ್ಲವೆಂಬುದನ್ನು ಶಿಲ್ಪಿ ಇಷ್ಟರಲ್ಲೇ ಹೇಳಿಬಿಟ್ಟಿದ್ದಾನೆ. 1970ರ ದಶಕದಲ್ಲಿ ಯೆರೂಸಲೇಮಿನ ಹಳೆಯ ನಗರದಲ್ಲಿ ಅಗೆದಾಗ ಪಟದಲ್ಲಿ ಕಾಣುವ ಕಂಬಸಾಲಿನ ಬೀದಿಯ ಭಾಗಗಳೂ ಆ ‘ಹೊಸ ದೇವಾಲಯ’ದ ಅಸ್ತಿವಾರವೂ ದೊರೆತವು.

ಆದರೆ ಈ ಭೂಪಟ ಬೆಳಕಿಗೆ ಬಂದ ಬಗೆಯನ್ನು ಯಾತ್ರಿಕರು ಹೆಚ್ಚಾಗಿ ಕೇಳುವುದಿಲ್ಲ. ಮದಾಬವು ದೀರ್ಘಕಾಲ ಜನವಸತಿಯಿಲ್ಲದ ದಿಬ್ಬವಾಗಿತ್ತು. 1880ರಲ್ಲಿ ದಕ್ಷಿಣದ ಕೆರಾಕ್ ಪಟ್ಟಣದ ಕ್ರೈಸ್ತ ಕುಟುಂಬಗಳು, ಅಲ್ಲಿ ಹುಟ್ಟಿಕೊಂಡ ಕಲಹದ ನಿಮಿತ್ತ ಊರು ಬಿಟ್ಟು ಬಂದು ಇಲ್ಲಿ ನೆಲೆಸಿದವು. ಅವರು ಅರಬ್ಬಿ ಮಾತನಾಡುವ, ಅರಬ್ ಕುಲಗಳಿಗೆ ಸೇರಿದ ಕ್ರೈಸ್ತರು. ಹಳೆಯ ದೇವಾಲಯಗಳ ಅಸ್ತಿವಾರಗಳನ್ನು ಹುಡುಕಿ ಅವುಗಳ ಮೇಲೆಯೇ ತಮ್ಮ ಆರಾಧನಾಮಂದಿರಗಳನ್ನು ಕಟ್ಟಿಕೊಂಡರು. ಹಾಗೆ ನೆಲವನ್ನು ತೆರವು ಮಾಡುವಾಗ, 1884ರಲ್ಲಿ, ಭೂಪಟವು ಕಾಣಿಸಿಕೊಂಡಿತು. 1896ರಲ್ಲಿ ಅದನ್ನು ಒಳಗೊಂಡ ದೇವಾಲಯ ಪೂರ್ಣವಾಯಿತು. ಕಟ್ಟಡದ ಕೆಲಸದಲ್ಲಿ ಪಟಕ್ಕೆ ಹಾನಿಯೂ ಆಯಿತು. ನಾವು ಭಾನುವಾರದಂದು ಹೋಗಿದ್ದೆವು. ಆರಾಧನೆ ಮುಗಿಯುವವರೆಗೆ ಪ್ರವಾಸಿಗರು ಹೊರಗೆ ಕಾಯಬೇಕೆಂದು ಹೇಳಿದಾಗ ನಮ್ಮ ತಂಡದಲ್ಲಿ ಕೆಲವರಿಗೆ ಅಸಮಾಧಾನವಾಯಿತು. ಸ್ಮಾರಕವನ್ನು ನೋಡಲು ಬಂದವರಿಗೆ ಅಲ್ಲೊಂದು ಸಭೆಯಿದೆಯೆಂಬುದೇ ಅಡಚಣೆಯಾಗಿ ತೋರಿತು. ಆ ಅರ್ಧ ಗಂಟೆಯ ಅಸಮಾಧಾನವನ್ನು ನೆನೆದರೆ ಈಗ ನಮಗೆ ನಾಚಿಕೆಯಾಗುತ್ತದೆ.

ನೆಬೊ: ಸಮಾಧಿಯಿಲ್ಲದ ಸ್ಮರಣೆ

ಮದಾಬದಿಂದ ನೆಬೊ ಬೆಟ್ಟ ಬಹಳ ದೂರವಿಲ್ಲ. ಧರ್ಮೋಪದೇಶಕಾಂಡದ ಕೊನೆಯ ಅಧ್ಯಾಯದ ಪ್ರಕಾರ ಮೋಶೆ ವಾಗ್ದತ್ತ ದೇಶವನ್ನು ಕಣ್ಣಾರೆ ಕಂಡು, ಅದರೊಳಗೆ ಕಾಲಿಡದೆ ಇಲ್ಲಿಯೇ ಮೃತನಾದನು. ಅವನ ಸಮಾಧಿ ಯಾರಿಗೂ ತಿಳಿಯದೆಂದು ಅದೇ ಅಧ್ಯಾಯ ಸ್ಪಷ್ಟಪಡಿಸುತ್ತದೆ. ಆದರೂ ನಾಲ್ಕನೆಯ ಶತಮಾನದ ಕೊನೆಯಲ್ಲಿ ಈ ಬೆಟ್ಟವನ್ನು ಹತ್ತಿದ ಎಗೇರಿಯ ಎಂಬ ಯಾತ್ರಿಕ ಸ್ತ್ರೀಗೆ ಇಲ್ಲಿನ ಸನ್ಯಾಸಿಗಳು ಮೋಶೆಯ ಸಮಾಧಿಸ್ಥಳವೆಂದು ಒಂದು ಜಾಗವನ್ನು ತೋರಿಸಿದರು. ವೇದವಾಕ್ಯ ಬೇರೆ ಹೇಳುತ್ತದೆಯಲ್ಲವೇ ಎಂಬ ಸಂದೇಹಕ್ಕೆ, ನಮ್ಮ ಹಿರಿಯರು ತೋರಿಸಿಕೊಟ್ಟದ್ದನ್ನು ನಾವು ತೋರಿಸುತ್ತಿದ್ದೇವೆ ಎಂಬರ್ಥದ ಉತ್ತರ ಅವರದು. ಯಾತ್ರಾಸ್ಥಳಗಳ ಚರಿತ್ರೆಯಲ್ಲಿ ಈ ಪ್ರಸಂಗ ನಮಗೆ ಪಾಠವಾಗಬೇಕು. ಸ್ಥಳವನ್ನು ಕಂಡೊಡನೆ ಅದಕ್ಕೊಂದು ಕಥೆಯನ್ನು ಹೊಂದಿಸುವ ಆತುರ ಅಂದಿನಿಂದಲೂ ಇದೆ. ಇಂದಿನ ನಮ್ಮ ಪ್ರಸಂಗಗಳಲ್ಲಿಯೂ ಇದೆ.

ಫ್ರಾನ್ಸಿಸ್ಕನ್ ಸಂಘದವರು 1930ರ ದಶಕದಲ್ಲಿ ಈ ಸ್ಥಳವನ್ನು ಪಡೆದು ಉತ್ಖನನವನ್ನು ಪ್ರಾರಂಭಿಸಿದರು. 1976ರಲ್ಲಿ ಇಲ್ಲಿ ಬೇಟೆಯ ದೃಶ್ಯಗಳೂ ಪಶುಪಾಲಕರೂ ಇರುವ, 530ರ ಶಾಸನವುಳ್ಳ ಮೊಸಾಯಿಕ್ ನೆಲವೊಂದು ದೊರೆಯಿತು. ಮೂರು ದಶಕಗಳಿಗೂ ಮೀರಿ ಜೋರ್ಡಾನಿನ ಮೊಸಾಯಿಕ್‌ಗಳ ಅಧ್ಯಯನದಲ್ಲಿ ತೊಡಗಿದ್ದ ಫ್ರಾನ್ಸಿಸ್ಕನ್ ಪಾದ್ರಿ ಮಿಕೆಲೆ ಪಿಚ್ಚಿರಿಲ್ಲೊ ಅವರು 2008ರಲ್ಲಿ ನಿಧನರಾದಾಗ ಅವರನ್ನು ಈ ಬೆಟ್ಟದಲ್ಲಿಯೇ ಸಮಾಧಿ ಮಾಡಲಾಯಿತು. ಅವರ ಜೀವಮಾನದ ಶ್ರಮದ ದೊಡ್ಡ ಫಲಗಳಲ್ಲೊಂದು ಉಮ್ ಅರ್-ರಸಾಸ್.

ಉಮ್ ಅರ್-ರಸಾಸ್: ನೆಲದ ಮೇಲಿನ ವರ್ಷ

ಮದಾಬದ ಆಗ್ನೇಯಕ್ಕೆ ಸುಮಾರು 30 ಕಿಲೋಮೀಟರ್ ಹೋದರೆ ಗೋಧಿಯ ಹೊಲಗಳು ಮುಗಿದು ಮರುಭೂಮಿಯ ಅಂಚು ಪ್ರಾರಂಭವಾಗುತ್ತದೆ. ಅಲ್ಲಿ ರೋಮನ್ನರ ದಂಡಿನ ಕೋಟೆಯೊಂದು ಐದನೆಯ ಶತಮಾನದಿಂದ ಪಟ್ಟಣವಾಗಿ ಬೆಳೆಯಿತು. ಯುನೆಸ್ಕೊ 2004ರಲ್ಲಿ ಇದನ್ನು ವಿಶ್ವ ಪರಂಪರೆಯ ತಾಣಗಳ ಪಟ್ಟಿಗೆ ಸೇರಿಸಿತು. ಬಹುಭಾಗವನ್ನು ಇನ್ನೂ ಅಗೆದಿಲ್ಲ. ಈವರೆಗೆ 16 ದೇವಾಲಯಗಳು ಗುರುತಾಗಿವೆ. ಊರಿನಿಂದ ಒಂದು ಕಿಲೋಮೀಟರಿಗೂ ಹೆಚ್ಚು ಉತ್ತರದಲ್ಲಿ ಸುಮಾರು 14 ಮೀಟರ್ ಎತ್ತರದ ಚೌಕಾಕಾರದ ಗೋಪುರ ಒಂಟಿಯಾಗಿ ನಿಂತಿದೆ. ಅದಕ್ಕೆ ಮೆಟ್ಟಿಲುಗಳಿಲ್ಲ. ಸಿರಿಯಾ ಪ್ರಾಂತದ ಸ್ತಂಭವಾಸಿ ಸನ್ಯಾಸಿಗಳ ಪರಂಪರೆಗೆ ಸೇರಿದವನೊಬ್ಬನು ಅದರ ತುದಿಯಲ್ಲಿ ಪ್ರಾರ್ಥನೆಯಲ್ಲಿದ್ದನೆಂದು ವಿದ್ವಾಂಸರು ಊಹಿಸುತ್ತಾರೆ.

1986ರಲ್ಲಿ ಉತ್ಖನನ ಪ್ರಾರಂಭವಾದಾಗ ದೊರೆತ ಶಾಸನಗಳಲ್ಲಿ ಊರಿನ ಹೆಸರು ‘ಕಾಸ್ಟ್ರಾನ್ ಮೇಫಾ’ ಎಂದಿತ್ತು. ಅಂದರೆ ಇದು ಯೆಹೋಶುವನ ಗ್ರಂಥದಲ್ಲಿ ರೂಬೇನ್ ಕುಲದ ಪಾಲಿಗೆ ಬಂದು ಲೇವಿಯರಿಗೆ ಕೊಡಲ್ಪಟ್ಟ, ಯೆರೆಮೀಯನು ಮೋವಾಬಿನ ನ್ಯಾಯತೀರ್ಪಿನ ಪಟ್ಟಿಯಲ್ಲಿ ಹೆಸರಿಸಿದ ಮೇಫಾತ್ ಎಂಬ ಗುರುತಿಗೆ ಬಲವಾದ ಆಧಾರ ದೊರೆಯಿತು. ಬಹುಕಾಲ ಗುರುತು ಸಿಗದೆ ಉಳಿದಿದ್ದ ಊರನ್ನು ದೇವಾಲಯದ ನೆಲವೇ ಹೆಸರು ಹಿಡಿದು ಹೇಳಿತು.

ಇಲ್ಲಿನ ಸಂತ ಸ್ತೆಫನನ ದೇವಾಲಯದ ನೆಲದ ಅಂಚಿನಲ್ಲಿ ಯೊರ್ದನಿನ ಪಶ್ಚಿಮದ ಎಂಟು, ಪೂರ್ವದ ಏಳು ಪಟ್ಟಣಗಳ ಚಿತ್ರಗಳಿವೆ: ಯೆರೂಸಲೇಮ್, ಕೈಸರೈಯ, ಗಾಜ, ಈ ಕಡೆ ಫಿಲದೆಲ್ಫಿಯ ಎನಿಸಿದ್ದ ಅಮ್ಮಾನ್, ಮದಾಬ, ಹೆಷ್ಬೋನ್ ಮತ್ತು ಮೇಫಾ. ನಡುವಿನ ಸಭಾಂಗಣದ ನೆಲ 718ರದೋ 785ರದೋ ಎಂಬ ವಿಷಯದಲ್ಲಿ ವಿದ್ವಾಂಸರಲ್ಲಿ ಭಿನ್ನಾಭಿಪ್ರಾಯವಿದೆ. ಆದರೆ ವೇದಿಯ ಭಾಗದ ನೆಲದ ಶಾಸನ ಸ್ಪಷ್ಟ: ಬಿಷಪ್ ಯೋಬನ ಕಾಲದಲ್ಲಿ, ಅರೇಬಿಯ ಪ್ರಾಂತದ 650ನೆಯ ವರ್ಷದಲ್ಲಿ ಅದು ರಚಿತವಾಯಿತು. ಪ್ರಾಂತದ ಲೆಕ್ಕ 106ರಿಂದ ಮೊದಲಾಗುವುದರಿಂದ ಅದು ನಮ್ಮ ಲೆಕ್ಕದ 756. ಕೆಲಸ ಮಾಡಿದವನ ಹೆಸರೂ ಇದೆ: ಹೆಷ್ಬೋನಿನ ಸ್ಟೌರಾಖಿಯೊಸ್, ಜಾದಾ ಎಂಬವನ ಮಗ. ತಂದೆಯದು ಆ ನೆಲದ ಭಾಷೆಯ ಹೆಸರು; ಮಗನದು ಗ್ರೀಕಿನಲ್ಲಿ ಶಿಲುಬೆಯನ್ನು ಸೂಚಿಸುವ ಹೆಸರು.

ಯರ್ಮೂಕ್ ಹೊಳೆಯ ಬಳಿ ಬಿಜಾಂಟಿಯಂ ಸೈನ್ಯ ಸೋತದ್ದು 636ರಲ್ಲಿ. ಎಂದರೆ ಮುಸ್ಲಿಮ್ ಆಳಿಕೆ ಸ್ಥಾಪಿತವಾಗಿ 120 ವರ್ಷಗಳು ಕಳೆದ ಮೇಲೆ, ಉಮಯ್ಯದ್ ವಂಶ ಅಳಿದು ಅಬ್ಬಾಸಿದರು ಅಧಿಕಾರಕ್ಕೆ ಬಂದ ಮೇಲೆ, ಈ ಸಣ್ಣ ಊರಿನ ಸಭೆ ತನ್ನ ವೇದಿಯ ಮುಂದೆ ಹೊಸ ನೆಲವನ್ನು ಹಾಸಿತು. ಅದಕ್ಕೆ ಬಿಷಪರಿದ್ದರು, ದಾನಿಗಳಿದ್ದರು, ಕುಶಲಕರ್ಮಿಗಳಿದ್ದರು. ಇಲ್ಲವಾಗಿಹೋದ ರೋಮನ್ ಪ್ರಾಂತದ ವರ್ಷದಿಂದಲೇ ಅದು ಕಾಲವನ್ನು ಎಣಿಸುತ್ತಿತ್ತು. ದೀಪಸ್ತಂಭವನ್ನು ತೆಗೆದುಹಾಕಲಾಯಿತೆಂದು ನಾವು ಧ್ಯಾನಿಸಿದ್ದು ಈ ನೆಲದ ಎದುರಿನಲ್ಲಿ.

ಮುಖವಿಲ್ಲದ ಚಿತ್ರಗಳು

ಇದೇ ದೇವಾಲಯದಲ್ಲಿ ಯಾತ್ರಿಕರು ತಪ್ಪಾಗಿ ಓದುವ ಇನ್ನೊಂದು ಸಂಗತಿಯಿದೆ. ಸಭಾಂಗಣದ ನೆಲದಲ್ಲಿದ್ದ ದಾನಿಗಳ, ಬೇಟೆಗಾರರ, ಪ್ರಾಣಿಗಳ ರೂಪಗಳು ಅಳಿಸಿಹೋಗಿವೆ. ನೋಡಿದವರು ತಕ್ಷಣ ಶತ್ರುಗಳ ದಾಳಿಯನ್ನು ಊಹಿಸುತ್ತಾರೆ. ಬಗ್ಗಿ ನೋಡಿದರೆ ಬೇರೆಯದೇ ಕಾಣುತ್ತದೆ. ಆಕೃತಿಯ ಕಲ್ಲುಗಳನ್ನು ಜೋಪಾನವಾಗಿ ಕಿತ್ತು, ಅವೇ ಕಲ್ಲುಗಳನ್ನು ಕಲಸಿ, ಅದೇ ಜಾಗದಲ್ಲಿ ಮತ್ತೆ ಕೂರಿಸಿದ್ದಾರೆ. ಸುತ್ತಲಿನ ಶಾಸನಗಳಿಗೆ ಹಾನಿಯಿಲ್ಲ. ಮದಾಬದ ಬಳಿಯ ಮಾಯಿನ್ ಎಂಬ ಊರಿನ ದೇವಾಲಯದಲ್ಲಿ, ಸಿಂಹವು ಎತ್ತಿನಂತೆ ಹುಲ್ಲು ತಿನ್ನುವ ಯೆಶಾಯನ ದರ್ಶನವನ್ನು ಚಿತ್ರಿಸಿದ್ದರು. ಅದರ ಶಾಸನ 719-20ರದು. ಅಲ್ಲಿಯೂ ಎತ್ತಿನ ರೂಪವನ್ನು ತೆಗೆದು ಆ ಸ್ಥಾನದಲ್ಲಿ ಗಿಡವೊಂದನ್ನು ರಚಿಸಿದ್ದಾರೆ. ಕೆಡಿಸಲು ಬಂದವನು ಹೀಗೆ ತಾಳ್ಮೆಯಿಂದ ತೇಪೆ ಹಾಕುವುದಿಲ್ಲ. ಆ ನೆಲದ ಮೇಲೆ ಮುಂದಿನ ಭಾನುವಾರವೂ ಆರಾಧನೆ ಮಾಡಬೇಕಾಗಿದ್ದವರೇ ಈ ಕೆಲಸವನ್ನು ಮಾಡಿದರು, ಇಲ್ಲವೇ ಮಾಡಿಸಿದರು ಎಂಬುದು ಬಹುಪಾಲು ವಿದ್ವಾಂಸರ ತೀರ್ಮಾನ.

ಏಕೆ ಮಾಡಿದರು? ಖಲೀಫ ಎರಡನೆಯ ಯಜೀದನು 720ರ ದಶಕದ ಆದಿಯಲ್ಲಿ ಚಿತ್ರಗಳ ವಿರುದ್ಧ ಆಜ್ಞೆ ಹೊರಡಿಸಿದನೆಂದು ಕ್ರೈಸ್ತ ಬರಹಗಳು ಹೇಳುತ್ತವೆ. ಅದರ ಒತ್ತಡ ಇದ್ದಿರಬಹುದು. ಆದರೆ ಸಭೆಯ ಒಳಗೂ ಆ ಪ್ರಶ್ನೆ ಜೀವಂತವಾಗಿತ್ತು. ಇದೇ ಶತಮಾನದಲ್ಲಿ ಕಾನ್‌ಸ್ಟಾಂಟಿನೋಪಲಿನ ಕ್ರೈಸ್ತ ಚಕ್ರವರ್ತಿಗಳೇ ಪ್ರತಿಮಾಭಂಜನೆಗೆ ಇಳಿದರು. ಅವರಿಗೆ ಎದುರಾಗಿ ಪವಿತ್ರ ಚಿತ್ರಗಳ ಪರವಾಗಿ ಬರೆದ ದಮಸ್ಕದ ಯೋಹಾನನು ಚಕ್ರವರ್ತಿಯ ಕೈಗೆ ನಿಲುಕದೆ ಉಳಿದದ್ದು ಖಲೀಫರ ಆಳಿಕೆಯ ನಾಡಿನಲ್ಲಿ ವಾಸವಾಗಿದ್ದುದರಿಂದ. ಚಿತ್ರಗಳ ದೇವತಾಶಾಸ್ತ್ರಕ್ಕೆ ಅಡಿಪಾಯವಾದ ಗ್ರಂಥಗಳು ಇಸ್ಲಾಮಿನ ಆಶ್ರಯದ ನೆಲದಲ್ಲಿ ಹುಟ್ಟಿದವೆಂಬುದನ್ನು ನಮ್ಮ ತರಗತಿಗಳಲ್ಲಿ ನಾವು ಅಷ್ಟಾಗಿ ಹೇಳುವುದಿಲ್ಲ. ಅನಂತರದ ತಲೆಮಾರಿನಲ್ಲಿ ಹರಾನಿನ ಬಿಷಪನಾದ ಥಿಯೊಡೋರ್ ಅಬೂ ಕುರ್ರಾ ಅದೇ ವಿಷಯವನ್ನು ಕುರಿತು ಅರಬ್ಬಿಯಲ್ಲಿ ಬರೆದನು. ನೆರೆಯವರ ಆಕ್ಷೇಪಕ್ಕೆ ಹಿಂಜರಿದು ಚಿತ್ರಗಳಿಗೆ ನಮಸ್ಕರಿಸುವುದನ್ನು ಬಿಟ್ಟ ಕ್ರೈಸ್ತರನ್ನು ಅವನು ಉದ್ದೇಶಿಸಿದ್ದನು. ನೆರೆಯವರ ನಡುವೆ ಯಾವುದನ್ನು ಉಳಿಸಿಕೊಳ್ಳಬೇಕು, ಯಾವುದನ್ನು ಬಿಡಬಹುದು ಎಂಬ ಅಲ್ಪಸಂಖ್ಯಾತ ಸಭೆಯ ನಿತ್ಯದ ಪ್ರಶ್ನೆ ಅದು. ಆ ಪ್ರಶ್ನೆಗೆ ಒಂದೂರಿನ ಸಭೆ ಕೊಟ್ಟುಕೊಂಡ ಉತ್ತರವನ್ನು ಆ ಕಲಸಿದ ಕಲ್ಲುಗಳಲ್ಲಿ ನಾವು ಕಾಣುತ್ತೇವೆ. ಒಪ್ಪುವುದು ಬಿಡುವುದು ಬೇರೆ ಮಾತು. ಭಾರತದ ಸಭೆಗೆ ಅದು ಅಪರಿಚಿತವಾದುದೇನಲ್ಲ.

ಹಾಗಾದರೆ ಬರಿದಾದದ್ದು ಹೇಗೆ?

ಇದನ್ನು ಹೇಳುವಾಗ ಇನ್ನೊಂದು ಅತಿರೇಕಕ್ಕೆ ಹೋಗಬಾರದು. ಹೊಸ ಆಳಿಕೆಯಲ್ಲಿ ಕ್ರೈಸ್ತರು ಜಿಜಿಯಾ ತಲೆಗಂದಾಯ ಕೊಡಬೇಕಾಗಿತ್ತು. ಅವರ ಸ್ಥಾನ ಆಳುವವರಿಗಿಂತ ಕೆಳಗಿನದು. ದೇವಾಲಯ ಕಟ್ಟುವುದಕ್ಕೂ ಬಹಿರಂಗ ಆಚರಣೆಗೂ ಕಾಲಕಾಲಕ್ಕೆ ನಿರ್ಬಂಧಗಳು ಬಂದವು. ತಲೆಮಾರುಗಳ ಉದ್ದಕ್ಕೂ ಅನೇಕರು ಮತಾಂತರ ಹೊಂದಿದರು. ಅದರೊಂದಿಗೆ ಬೇರೆ ಕಾರಣಗಳೂ ಕೂಡಿಕೊಂಡವು. 749ರ ಭೂಕಂಪವು ಯೊರ್ದನ್ ಕಣಿವೆಯ ಬೇತ್ಷೆಯಾನ್, ಪೆಲ್ಲ ಮೊದಲಾದ ಪಟ್ಟಣಗಳನ್ನು ಕೆಡವಿತು. ಅಬ್ಬಾಸಿದರ ಕಾಲದಲ್ಲಿ ಅಧಿಕಾರದ ಕೇಂದ್ರ ದಮಸ್ಕದಿಂದ ಇರಾಕಿಗೆ ಸರಿಯಿತು. 762ರಲ್ಲಿ ಬಗ್ದಾದ್ ನಿರ್ಮಾಣಕ್ಕೆ ಆರಂಭವಾಯಿತು. ದಮಸ್ಕಕ್ಕೆ ಸಮೀಪವಿದ್ದ ಈ ಬಯಲುಸೀಮೆ ರಾಜ್ಯದ ದೂರದ ಅಂಚಾಯಿತು. ಮಳೆಯನ್ನೇ ನಂಬಿದ ಬೇಸಾಯದ ಊರುಗಳಲ್ಲಿ ಜನ ಕರಗಿದರು. ದಾಳಿಯ ಒಂದು ದಿನವಲ್ಲ, ಹಲವು ತಲೆಮಾರುಗಳ ಸವೆತ ಇಲ್ಲಿನ ಚರಿತ್ರೆ.

ಜೊತೆಗೆ, ಗ್ರೀಕ್ ಶಾಸನಗಳು ನಿಂತ ಕಡೆ ಸಭೆಯೇ ನಿಂತಿತೆಂದು ತಿಳಿಯುವುದೂ ತಪ್ಪು. ಆ ಹೊತ್ತಿಗೆ ಸಭೆಯ ನಾಲಿಗೆ ಬದಲಾಗಿತ್ತು. ಪಲೆಸ್ತೀನದ ಮಾರ್ ಸಾಬಾ, ಸೀನಾಯಿ ಮಠಗಳ ಸನ್ಯಾಸಿಗಳು ವೇದವನ್ನೂ ಪ್ರಾರ್ಥನೆಗಳನ್ನೂ ಅರಬ್ಬಿಗೆ ತರುತ್ತಿದ್ದರು. 867ರಲ್ಲಿ ದಮಸ್ಕದಲ್ಲಿ ಸಿದ್ಧವಾದ ಪೌಲನ ಪತ್ರಿಕೆಗಳ ಅರಬ್ಬಿ ಅನುವಾದದ ಹಸ್ತಪ್ರತಿ ಸೀನಾಯಿಯಲ್ಲಿ ಇಂದಿಗೂ ಇದೆ. 1880ರಲ್ಲಿ ಕೆರಾಕಿನಿಂದ ಮದಾಬಕ್ಕೆ ಬಂದವರು ಪ್ರಾರ್ಥಿಸಿದ್ದು ಆ ನಾಲಿಗೆಯಲ್ಲಿಯೇ.

ಪೆಟ್ರಾ: ಸುಟ್ಟು ಉಳಿದ ಕಾಗದಗಳು

ಕೊನೆಯದಾಗಿ ಪೆಟ್ರಾ. ಯಾತ್ರಿಕರು ನೋಡುವುದು ನಬಾತೇಯ ಅರಸರ ಕಾಲದಲ್ಲಿ ಕೆಂಪು ಬಂಡೆಯಲ್ಲಿ ಕೊರೆದ ಸಮಾಧಿಗಳನ್ನು. ಅವುಗಳಲ್ಲೊಂದನ್ನು ಬಿಷಪ್ ಯಾಸೋನನು 446ರಲ್ಲಿ ದೇವಾಲಯವಾಗಿ ಪ್ರತಿಷ್ಠಿಸಿದನೆಂದು ಅದರ ಗೋಡೆಯ ಬರಹ ತಿಳಿಸುತ್ತದೆ. ನಗರದ ಇನ್ನೊಂದು ದೇವಾಲಯದ ಪಕ್ಕದ ಕೋಣೆಯಲ್ಲಿ 1993ರ ಡಿಸೆಂಬರಿನಲ್ಲಿ ಸುಮಾರು 140 ಪಪೈರಸ್ ಸುರುಳಿಗಳು ಸಿಕ್ಕವು. ಬೆಂಕಿಯಲ್ಲಿ ಇದ್ದಿಲಾಗಿದ್ದುದರಿಂದಲೇ ಅವು ಕೊಳೆಯದೆ ಉಳಿದಿದ್ದವು. ಫಿನ್ಲೆಂಡ್ ಮತ್ತು ಅಮೆರಿಕದ ವಿದ್ವಾಂಸರು ಹಲವು ವರ್ಷ ಶ್ರಮಿಸಿ ಅವನ್ನು ಬಿಡಿಸಿ ಓದಿದರು.

ಅವುಗಳಲ್ಲಿ ಸುವಾರ್ತೆಯ ಪ್ರತಿಯಿರಬಹುದು, ಪ್ರಸಂಗಗಳಿರಬಹುದು ಎಂದು ನಿರೀಕ್ಷಿಸಿದವರಿಗೆ ಸಿಕ್ಕಿದ್ದು ಆರನೆಯ ಶತಮಾನದ ಒಂದು ಕುಟುಂಬದ ಲೇವಾದೇವಿಯ ಪತ್ರಗಳು: ಜಮೀನಿನ ಕ್ರಯ, ಕಂದಾಯದ ವರ್ಗಾವಣೆ, ಮದುವೆಯ ಒಪ್ಪಂದ, ಆಸ್ತಿಯ ಹಂಚಿಕೆ, ತಂಟೆಯ ರಾಜಿ. ಹೆಚ್ಚಿನವುಗಳ ಕೇಂದ್ರದಲ್ಲಿರುವವನು ಓಬೋದಿಯಾನನ ಮಗ ಥಿಯೊಡೋರಸ್, ಆ ದೇವಾಲಯದ ಪ್ರಧಾನ ಧರ್ಮಸೇವಕ. ತಂದೆಯ ಹೆಸರಿನಲ್ಲಿ ನಬಾತೇಯ ಅರಸ ಓಬೋದನ ನೆನಪಿದೆ. ಮಗನ ಹೆಸರಿನ ಅರ್ಥ ದೇವರ ವರ. ಆರನೆಯ ಶತಮಾನದ ಸಭಾಸೇವಕನೊಬ್ಬನಿಗೆ ಹೊಲ, ಕಂದಾಯ, ನೆಂಟಸ್ತಿಕೆಗಳ ಗೋಜಲು ನಮ್ಮ ಸಭಾಪಾಲಕರಿಗಿರುವಂತೆಯೇ ಇತ್ತು. ಯಾತ್ರಿಕರ ಕಣ್ಣಿಗೆ ಬೀಳದಿದ್ದರೂ ಸಭೆ ಬದುಕಿದ್ದು ಹೀಗೆ.

ಬೋಧಕರ ಹೊಣೆ

ಸಭೆಗಳಿಗೆ ನ್ಯಾಯತೀರ್ಪು ಇಲ್ಲವೆಂದು ನಾವು ಹೇಳುತ್ತಿಲ್ಲ. ಪ್ರಕಟನೆ ಗ್ರಂಥದ ಎಚ್ಚರಿಕೆ ನಿಜವಾದ ಎಚ್ಚರಿಕೆಯೇ. ಆದರೆ ಅದು ಅದನ್ನು ಓದುವ ಸಭೆಗೆ ಹೇಳಿದ ಮಾತು. ಸತ್ತವರ ಮನೆಯ ಮುಂದೆ ನಿಂತು ಅವರ ಪಾಪವನ್ನು ಊಹಿಸಲು ಕೊಟ್ಟ ಪರವಾನಗಿಯಲ್ಲ. ಸಿಲೋವದ ಗೋಪುರ ಬಿದ್ದು ಸತ್ತ 18 ಮಂದಿಯ ವಿಷಯದಲ್ಲಿ ಯೇಸು ಸ್ವಾಮಿ ಆ ಬಗೆಯ ಊಹೆಯನ್ನು ನೇರವಾಗಿ ತಳ್ಳಿಹಾಕಿದ್ದಾರೆ. ಪರಿಶೋಧಿಸದೆ ಮಾಡುವ ಇಂಥ ಪ್ರಸಂಗದಿಂದ ಇಬ್ಬರಿಗೆ ಅನ್ಯಾಯವಾಗುತ್ತದೆ. ವಿಶ್ವಾಸವನ್ನು ಕಾಪಾಡಿಕೊಂಡ ಬಿಷಪ್ ಯೋಬನನ್ನೂ ಸ್ಟೌರಾಖಿಯೊಸನನ್ನೂ ಅವಿಶ್ವಾಸಿಗಳ ಸಾಲಿಗೆ ಸೇರಿಸುತ್ತೇವೆ. ಅವರು ಮಾಡದ ನಾಶವನ್ನು ಮುಸ್ಲಿಮ್ ನೆರೆಯವರ ತಲೆಗೆ ಕಟ್ಟುತ್ತೇವೆ. ಯಾತ್ರೆಯಿಂದ ಹಿಂದಿರುಗಿದ ಸಭಿಕರು ಆ ಮಾತನ್ನು ನಮ್ಮ ಊರುಗಳಿಗೆ ತರುತ್ತಾರೆ. ಅಲ್ಲಿ ಅದು ಜೋರ್ಡಾನಿನ ಚರಿತ್ರೆಯಾಗಿ ಉಳಿಯುವುದಿಲ್ಲ, ಪಕ್ಕದ ಬೀದಿಯವರ ಮೇಲಿನ ಸಂದೇಹವಾಗುತ್ತದೆ. ನೆರೆಯವನ ಮೇಲೆ ಸುಳ್ಳುಸಾಕ್ಷಿ ಹೇಳಬಾರದೆಂಬ ಆಜ್ಞೆಗೆ ಪ್ರಸಂಗಪೀಠದಲ್ಲಿ ವಿನಾಯಿತಿಯಿಲ್ಲ.

ಆದುದರಿಂದ ಮುಂದೆ ಇಂಥ ತಂಡಗಳನ್ನು ಕರೆದೊಯ್ಯುವ ನಮ್ಮ ಸಹೋದರ ಬೋಧಕರಲ್ಲಿ ಎರಡು ವಿನಂತಿಗಳಿವೆ. ಹಾಳು ದೇವಾಲಯದಲ್ಲಿ ಧ್ಯಾನ ನಡೆಸುವ ಮೊದಲು ನೆಲದ ಮೇಲಿನ ವರ್ಷವನ್ನು ಓದಿಸಿರಿ. ಮದಾಬಕ್ಕೆ ಹೋಗುವ ದಿನ ಸಾಧ್ಯವಾದರೆ ಭಾನುವಾರವಾಗಿರಲಿ. ಬಾಗಿಲ ಹೊರಗೆ ಕಾಯದೆ, ಅಲ್ಲಿನ ಸಭೆಯವರ ಅನುಮತಿ ಪಡೆದು ಒಳಗೆ ಹೋಗಿ ಅವರ ಆರಾಧನೆಯಲ್ಲಿ ಪಾಲುಗೊಳ್ಳಿರಿ. ಭೂಪಟವನ್ನು ಆಮೇಲೆ ನೋಡಬಹುದು.